ಬೂಟು ಬಿಟ್ಟ ಮೇಲೆ ಪಾದ ಮತ್ತೆ ತಿರುಗಿದೆ, ದೊಡ್ಡ ಆಪರೇಷನ್ ಬೇಕೇ ಬೇಕಾ?

ಪ್ರಶ್ನೆ: ಡಾಕ್ಟರೇ, ನನ್ನ ಮಗನಿಗೆ ಈಗ 14 ತಿಂಗಳು. ಹುಟ್ಟಿದಾಗಲೇ ಎರಡೂ ಪಾದ ಒಳಕ್ಕೆ ತಿರುಗಿದ್ದವು. ಕ್ಲಬ್‌ಫುಟ್ ಅಂದರು. ಹನ್ನೆರಡನೇ ದಿನದಿಂದ ವಾರಕ್ಕೊಂದರಂತೆ ಆರು ಪ್ಲಾಸ್ಟರ್ ಹಾಕಿದರು. ಹಿಮ್ಮಡಿ ಹಿಂದೆ ಸಣ್ಣದಾಗಿ ಕೊಯ್ದು, ಇನ್ನೊಂದು ಪ್ಲಾಸ್ಟರ್ ಮೂರು ವಾರ ಇಟ್ಟು, ಆಮೇಲೆ ನಡುವೆ ರಾಡ್ ಇರುವ ಬೂಟು ಕೊಟ್ಟರು. ಪಾದ ಚೆನ್ನಾಗಿ ನೆಟ್ಟಗಾಗಿತ್ತು. ಮೊದಲ ಮೂರು ತಿಂಗಳು ಹಗಲೂ ರಾತ್ರಿ ಹಾಕಿದೆವು. ಇನ್ನು ಮೇಲೆ ಮಲಗುವಾಗ ಮಾತ್ರ ಹಾಕಿ ಅಂದ ಮೇಲೆ ಕಷ್ಟ ಶುರುವಾಯಿತು. ರಾತ್ರಿಯೆಲ್ಲ ಅಳುತ್ತಿದ್ದ, ಬೂಟಿನಿಂದ ಕಾಲು ಕಿತ್ತುಕೊಳ್ಳುತ್ತಿದ್ದ. ನಮ್ಮ ಅತ್ತೆಯವರು "ಕೂಸಿನ ಕಾಲಿಗೆ ಬೇಡಿ ಹಾಕೀರಲ್ಲ" ಅಂತ ಸಂಕಟಪಟ್ಟರು. ಪಾದ ಸರಿ ಇದೆಯಲ್ಲ ಅಂತ ಬಿಟ್ಟೆವು. ಬಿಟ್ಟು ಐದು ತಿಂಗಳಾಯಿತು. ಈಗ ಗೋಡೆ ಹಿಡಿದು ನಿಲ್ಲುತ್ತಾನೆ, ಆದರೆ ಬಲಗಾಲಿನ ಹೊರ ಅಂಚಿನ ಮೇಲೆ ನಿಲ್ಲುತ್ತಾನೆ, ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ. ಒಬ್ಬ ಡಾಕ್ಟರು ದೊಡ್ಡ ಆಪರೇಷನ್ನೇ ಆಗಬೇಕು ಅಂದರು. ಊರಲ್ಲಿ ಒಬ್ಬರು ಎಣ್ಣೆ ಹಚ್ಚಿ ತಿಕ್ಕಿದರೆ ಸರಿಹೋಗುತ್ತದೆ ಅನ್ನುತ್ತಾರೆ. ಬಸುರಿಯಾಗಿದ್ದಾಗ ಗ್ರಹಣದ ದಿನ ಈಳಿಗೆ ಮಣೆ ಮುಟ್ಟಿದ್ದೆ, ಅದಕ್ಕೇ ಹೀಗಾಯಿತು ಅನ್ನುವವರೂ ಇದ್ದಾರೆ. ಇನ್ನೊಂದು ಮಗು ಮಾಡಿಕೊಳ್ಳಲು ಭಯ. ಏನು ಮಾಡಲಿ? (ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನೀವು ಬರೆದಿರುವುದನ್ನು ನೋಡಿದರೆ ಬಲ ಪಾದ ಮರುಕಳಿಸಿದೆ. ಹದಿನಾಲ್ಕು ತಿಂಗಳ ಮಗುವಿಗೆ ಹೀಗಾದರೆ ನಾವು ಮೊದಲು ಮಾಡುವುದು ಮತ್ತೆ ಪ್ಲಾಸ್ಟರ್, ದೊಡ್ಡ ಆಪರೇಷನ್ ಅಲ್ಲ. ಸಾಮಾನ್ಯವಾಗಿ ಕೆಲವೇ ಪ್ಲಾಸ್ಟರ್‌ಗಳಲ್ಲಿ ಪಾದ ಮತ್ತೆ ದಾರಿಗೆ ಬರುತ್ತದೆ. ಆದರೆ ಅದಾದ ಮೇಲೆ ಬೂಟು ಹಾಕಲೇಬೇಕು. ಅದಿಲ್ಲದಿದ್ದರೆ ಇದೇ ಪತ್ರವನ್ನು ಮುಂದಿನ ವರ್ಷ ಇನ್ನೊಮ್ಮೆ ಬರೆಯಬೇಕಾಗುತ್ತದೆ.

ಪಾದವನ್ನು ನಾನು ಕೈಯಲ್ಲಿ ಹಿಡಿದು ನೋಡಿಲ್ಲ. ಪತ್ರ ಓದಿ ಚಿಕಿತ್ಸೆ ಹೇಳಲಾಗದು, ದಾರಿ ಹೇಳಬಹುದು ಅಷ್ಟೆ.

ಗ್ರಹಣದ ಮಾತು ಮೊದಲು ಮುಗಿಸೋಣ. ಅದು ನಿಮ್ಮ ಮನಸ್ಸಿನಲ್ಲಿ ಕೂತಿರುವುದರಿಂದಲೇ ನೀವು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಈ ತೊಂದರೆ ಪ್ರಪಂಚದ ಎಲ್ಲ ಕಡೆ, ಸುಮಾರು ಸಾವಿರ ಹೆರಿಗೆಗೆ ಒಂದರಂತೆ ಕಾಣುತ್ತದೆ. ಗ್ರಹಣ ಅಂದರೆ ಏನೆಂದು ಯೋಚಿಸದ ದೇಶಗಳಲ್ಲೂ ಇದೆ. ಗಂಡು ಮಕ್ಕಳಲ್ಲಿ ಹೆಣ್ಣು ಮಕ್ಕಳಿಗಿಂತ ಎರಡು ಪಟ್ಟು. ಸುಮಾರು ಅರ್ಧ ಮಕ್ಕಳಿಗೆ ಎರಡೂ ಪಾದ, ಉಳಿದವರಿಗೆ ಒಂದೇ ಪಾದ. ಈಳಿಗೆ ಮುಟ್ಟಿದ್ದಕ್ಕೆ ಬಂದಿದ್ದರೆ ಗಂಡು ಹೆಣ್ಣು ಅಂತ ಭೇದ ಮಾಡುತ್ತಿತ್ತಾ? ನೀವು ಏನೂ ತಪ್ಪು ಮಾಡಿಲ್ಲ. ನನ್ನ ಹೊರರೋಗಿ ಕೋಣೆಗೆ ಬರುವ ತಾಯಂದಿರಲ್ಲಿ ಬಹಳ ಜನ ಈ ಮಾತನ್ನು ಗಂಡ ಹೊರಗೆ ಹೋದ ಮೇಲೆ, ದನಿ ತಗ್ಗಿಸಿ ಕೇಳುತ್ತಾರೆ. ಮನೆಯಲ್ಲಿ ಅವರಿಗೆ ಯಾರೋ ಇದನ್ನು ಚುಚ್ಚಿ ಹೇಳಿರುತ್ತಾರೆ ಅನ್ನುವುದು ಆಗಲೇ ಗೊತ್ತಾಗುತ್ತದೆ.

"ಹೊಟ್ಟೆಯಲ್ಲಿ ಜಾಗ ಸಾಲದೆ ಕಾಲು ಮಡಚಿಕೊಂಡಿತು" ಅನ್ನುವುದೂ ಪೂರ್ತಿ ನಿಜವಲ್ಲ. ಹಾಗೆ ಮಡಚಿ ಕೂತ ಪಾದವೂ ಇರುತ್ತದೆ, ಆದರೆ ಅದು ಮೆತ್ತಗಿರುತ್ತದೆ. ಕೈಯಿಂದ ಒತ್ತಿದರೆ ನೆಟ್ಟಗೆ ಬರುತ್ತದೆ, ಬೇಗ ತಾನಾಗಿಯೇ ಸರಿಹೋಗುತ್ತದೆ. ನಿಜವಾದ ಕ್ಲಬ್‌ಫುಟ್ ಹಾಗಲ್ಲ. ಪಾದ ಮೊದಲು ಸರಿಯಾಗಿಯೇ ರೂಪುಗೊಂಡು, ಬಸುರಿನ ನಡುವಿನ ತಿಂಗಳುಗಳಲ್ಲಿ ತಿರುಗುತ್ತದೆ. ಕಾಲಿನ ಒಳಬದಿ ಮತ್ತು ಹಿಂಬದಿಯ ಕಟ್ಟುಗಳು, ನಾರುಗಳು ಬಿಗಿಯಾಗಿ, ದಪ್ಪಗಾಗಿ ಪಾದವನ್ನು ಒಳಕ್ಕೂ ಕೆಳಕ್ಕೂ ಎಳೆಯುತ್ತವೆ. ಮೀನಖಂಡ ಸ್ವಲ್ಪ ಸಣ್ಣಗಿರುತ್ತದೆ. ವಂಶವಾಹಿಗಳ ಪಾತ್ರ ಇದೆ. ಕಾಲು ಬೆಳೆಯುವುದನ್ನು ನಿಯಂತ್ರಿಸುವ ಪಿಟ್‌ಎಕ್ಸ್1, ಟಿಬಿಎಕ್ಸ್4 ಅನ್ನುವ ಜೀನ್‌ಗಳಲ್ಲಿ ಕೆಲವು ಕುಟುಂಬಗಳಲ್ಲಿ ವ್ಯತ್ಯಾಸ ಸಿಕ್ಕಿದೆ. ಬಸುರಿನಲ್ಲಿ ಸಿಗರೇಟು ಸೇದಿದರೆ ಸಾಧ್ಯತೆ ಜಾಸ್ತಿ. ಆದರೆ ಹೆಚ್ಚಿನ ಮಕ್ಕಳಲ್ಲಿ ಇದೇ ಒಂದು ಕಾರಣ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಹಾಲು, ಕ್ಯಾಲ್ಸಿಯಂ, ವಿಟಮಿನ್ ಡಿ ಕಡಿಮೆಯಾಗಿ ಬರುವ ಕಾಯಿಲೆ ಇದಲ್ಲ. ಟಾನಿಕ್ ಕುಡಿಸಿದರೆ ಪಾದ ತಿರುಗುವುದಿಲ್ಲ.

ಈಗ ಮುಖ್ಯ ವಿಷಯ. ನೆಟ್ಟಗಾಗಿದ್ದ ಪಾದ ಮತ್ತೆ ಯಾಕೆ ತಿರುಗಿತು?

ಪ್ಲಾಸ್ಟರ್ ಪಾದದ ಆಕಾರವನ್ನು ಸರಿಮಾಡುತ್ತದೆ. ಆದರೆ ಆ ನಾರುಗಳನ್ನು ಬಿಗಿ ಮಾಡಿದ ಗುಣ ಒಳಗೇ ಉಳಿದಿರುತ್ತದೆ. ಮಗುವಿನ ಪಾದ ಮೊದಲ ಎರಡು ಮೂರು ವರ್ಷ ಭಾರಿ ವೇಗದಲ್ಲಿ ಬೆಳೆಯುತ್ತದೆ. ಬೆಳೆಯುವಾಗ ಆ ನಾರುಗಳು ಮತ್ತೆ ಬಿಗಿಯಾಗಿ ಪಾದವನ್ನು ಹಳೆಯ ಜಾಗಕ್ಕೆ ಎಳೆಯುತ್ತವೆ. ನಾಲ್ಕೈದು ವರ್ಷ ತುಂಬುವ ಹೊತ್ತಿಗೆ ಈ ಎಳೆತ ತಣ್ಣಗಾಗುತ್ತದೆ. ಅಲ್ಲಿಯವರೆಗೆ ಪಾದವನ್ನು ಹೊರಕ್ಕೆ, ಮೇಲಕ್ಕೆ ಹಿಡಿದಿಡುವುದು ಬೂಟಿನ ಕೆಲಸ. ಅದಕ್ಕೇ "ಪಾದ ನೆಟ್ಟಗಿದೆಯಲ್ಲ, ಬೂಟು ಯಾಕೆ" ಅನ್ನುವ ಲೆಕ್ಕಾಚಾರ ಇಲ್ಲಿ ಕೈಕೊಡುತ್ತದೆ.

ಇದು ನನ್ನೊಬ್ಬರ ಅನಿಸಿಕೆಯಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ತಂಡ 2004ರಲ್ಲಿ 157 ಮಕ್ಕಳ 256 ಪಾದಗಳ ಫಲಿತಾಂಶ ಪ್ರಕಟಿಸಿತು. ನೂರಕ್ಕೆ 98 ಪಾದಗಳು ಪ್ಲಾಸ್ಟರ್‌ನಿಂದಲೇ ನೆಟ್ಟಗಾದವು. ಆಮೇಲೆ ಯಾರಿಗೆ ಮರುಕಳಿಸಿತು ಅಂತ ನೋಡಿದಾಗ, ಚಿಕಿತ್ಸೆ ಶುರುವಾದ ವಯಸ್ಸಿಗೂ ಅದಕ್ಕೂ ಸಂಬಂಧ ಕಾಣಲಿಲ್ಲ, ಎಷ್ಟು ಪ್ಲಾಸ್ಟರ್ ಬೇಕಾಯಿತು ಅನ್ನುವುದಕ್ಕೂ ಕಾಣಲಿಲ್ಲ. ಸಂಬಂಧ ಕಂಡಿದ್ದು ಒಂದಕ್ಕೇ: ಬೂಟು ಹಾಕಿದರೋ ಇಲ್ಲವೋ. ಸರಿಯಾಗಿ ಹಾಕಿದ ಮನೆಗಳಲ್ಲಿ ನೂರಕ್ಕೆ ಸುಮಾರು 6, ಬಿಟ್ಟ ಮನೆಗಳಲ್ಲಿ ನೂರಕ್ಕೆ ಸುಮಾರು 80. ಮಕ್ಕಳ ಮೂಳೆ ಚಿಕಿತ್ಸೆಯಲ್ಲಿ ಇಷ್ಟು ಸ್ಪಷ್ಟವಾದ ಉತ್ತರ ಸಿಗುವುದು ಅಪರೂಪ.

ಹಾಗಂತ ನಿಮ್ಮನ್ನು ಬೈಯಲು ಇದನ್ನು ಹೇಳುತ್ತಿಲ್ಲ. ರಾತ್ರಿ ಎರಡು ಗಂಟೆಗೆ ಮಗು ಅಳುವಾಗ ಅಂಕಿ ಅಂಶ ಯಾರಿಗೂ ನೆನಪಾಗುವುದಿಲ್ಲ. ಮೂರು ತಿಂಗಳು ಹಗಲೂ ರಾತ್ರಿ ಹಾಕಿದವರು ನೀವು. ಕಷ್ಟದ ಭಾಗ ಅದೇ ಆಗಿತ್ತು. ನನ್ನ ಅನುಮಾನ ಏನೆಂದರೆ, ಮಗು ಅತ್ತದ್ದು ಬೂಟಿನ ಮೇಲಿನ ಸಿಟ್ಟಿಗಲ್ಲ, ಬೂಟು ಸರಿಯಾಗಿ ಕೂರದೆ ಇದ್ದದ್ದಕ್ಕೆ. "ಕಾಲು ಕಿತ್ತುಕೊಳ್ಳುತ್ತಿದ್ದ" ಅಂತ ನೀವೇ ಬರೆದಿದ್ದೀರಲ್ಲ.

ಸರಿಯಾಗಿ ಕೂತ ಬೂಟಿನಿಂದ ಪಾದ ಸುಲಭವಾಗಿ ಹೊರಗೆ ಬರುವುದಿಲ್ಲ. ಬರುತ್ತಿದೆ ಅಂದರೆ ಒಂದೋ ಬೂಟು ಚಿಕ್ಕದಾಗಿದೆ, ಒಂದೋ ಪಟ್ಟಿ ಸಡಿಲವಿದೆ, ಇಲ್ಲವೇ ಹಿಮ್ಮಡಿ ಆಗಲೇ ಮೇಲೇರಲು ಶುರುವಾಗಿದೆ. ಈ ಕೊನೆಯದು ಮರುಕಳಿಕೆಯ ಮೊದಲ ಸುಳಿವು. ಹಿಮ್ಮಡಿ ಎದ್ದು ಬೂಟಿನೊಳಗೆ ಜಾರುತ್ತದೆ, ಜಾರಿದ್ದಕ್ಕೆ ಚರ್ಮ ಉಜ್ಜಿ ಬೊಕ್ಕೆ ಏಳುತ್ತದೆ, ಬೊಕ್ಕೆಗೆ ಮಗು ಅಳುತ್ತದೆ, ಅಳುತ್ತದೆ ಅಂತ ನಾವು ತೆಗೆಯುತ್ತೇವೆ, ತೆಗೆದಷ್ಟೂ ಹಿಮ್ಮಡಿ ಇನ್ನಷ್ಟು ಏಳುತ್ತದೆ. ಆ ಹೊತ್ತಿಗೆ ಯಾರಾದರೂ ಬೂಟು ಬಿಚ್ಚಿ ಚರ್ಮ ನೋಡಿ, ಒಂದು ಅಳತೆ ದೊಡ್ಡ ಬೂಟು ಕೊಟ್ಟು, ಬೇಕಿದ್ದರೆ ಒಂದೆರಡು ಪ್ಲಾಸ್ಟರ್ ಹಾಕಿದ್ದರೆ ಇಲ್ಲಿಗೆ ಬರುತ್ತಿರಲಿಲ್ಲ. ಚಿಕಿತ್ಸೆ ಕೊಡುವ ನಾವು ಬೂಟು ಕೊಟ್ಟ ದಿನವೇ ಕೆಲಸ ಮುಗಿಯಿತು ಅಂದುಕೊಳ್ಳುವುದು ಸರಿಯಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ದೊಡ್ಡ ಆಪರೇಷನ್ ಬಗ್ಗೆ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಈ ಪ್ಲಾಸ್ಟರ್ ಪದ್ಧತಿ ಇಗ್ನೇಷಿಯೊ ಪೊನ್ಸೆಟಿ ಅನ್ನುವವರದು. ಸ್ಪೇನಿನ ಮೆನೋರ್ಕಾ ದ್ವೀಪದವರು, ಅಲ್ಲಿನ ಅಂತರ್ಯುದ್ಧದಲ್ಲಿ ಗಾಯಾಳುಗಳಿಗೆ ಚಿಕಿತ್ಸೆ ಕೊಟ್ಟು, ದೇಶ ಬಿಟ್ಟು, ಮೆಕ್ಸಿಕೊ ಮೂಲಕ 1941ರಲ್ಲಿ ಅಯೋವಾಕ್ಕೆ ಬಂದವರು. ಅಲ್ಲಿ ಆಪರೇಷನ್ ಆಗಿದ್ದ ಪಾದಗಳು ದೊಡ್ಡವರಾದ ಮೇಲೆ ಸೆಡೆತು, ನೋವು ಕೊಡುವುದನ್ನು ನೋಡಿ ಬೇರೆ ದಾರಿ ಹುಡುಕಿದರು. 1963ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚು ಜನ ತಲೆಕೆಡಿಸಿಕೊಳ್ಳಲಿಲ್ಲ. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಪಾದದ ಒಳಬದಿ, ಹಿಂಬದಿಯ ಕಟ್ಟುಗಳನ್ನೆಲ್ಲ ಬಿಡಿಸುವ ದೊಡ್ಡ ಆಪರೇಷನ್‌ಗಳೇ ಪ್ರಪಂಚದಲ್ಲೆಲ್ಲ ನಡೆದವು. ಮೇಜಿನ ಮೇಲೆ ಪಾದ ಅಚ್ಚುಕಟ್ಟಾಗಿ ಕಾಣುತ್ತದಲ್ಲ, ಸರ್ಜನ್‌ಗೂ ಖುಷಿ, ಮನೆಯವರಿಗೂ ಖುಷಿ.

ಲೆಕ್ಕ ಸಿಕ್ಕಿದ್ದು ಮಕ್ಕಳು ಮೂವತ್ತು ದಾಟಿದ ಮೇಲೆ. 1995ರಲ್ಲಿ ಅಯೋವಾದವರು ಪೊನ್ಸೆಟಿ ಪದ್ಧತಿಯಲ್ಲಿ ಚಿಕಿತ್ಸೆ ಪಡೆದ 45 ಜನರನ್ನು ಸುಮಾರು ಮೂವತ್ತು ವರ್ಷದ ನಂತರ ಕರೆಸಿ ಪರೀಕ್ಷಿಸಿದರು. ನೂರಕ್ಕೆ 78 ಜನರ ಪಾದ ಉತ್ತಮ ಅಥವಾ ಚೆನ್ನಾಗಿದೆ ಅನ್ನುವ ಮಟ್ಟದಲ್ಲಿತ್ತು. ಹುಟ್ಟಿನಿಂದ ಪಾದದ ತೊಂದರೆಯೇ ಇಲ್ಲದವರನ್ನು ಅದೇ ಪ್ರಶ್ನೆಗಳಿಂದ ಅಳೆದರೆ ಆ ಸಂಖ್ಯೆ 85. ಅಂದರೆ ವ್ಯತ್ಯಾಸ ಬಹಳ ಕಡಿಮೆ. 2006ರಲ್ಲಿ ದೊಡ್ಡ ಆಪರೇಷನ್ ಆದವರ ಅಷ್ಟೇ ದೀರ್ಘಕಾಲದ ಫಲಿತಾಂಶ ಬಂತು. ಅವರಲ್ಲಿ ಬಹಳ ಜನರ ಪಾದ ಸೆಡೆತಿತ್ತು, ಬಲ ಕಡಿಮೆಯಿತ್ತು, ಸಂಧಿಗಳು ಸವೆದಿದ್ದವು. ಎಷ್ಟು ಜಾಸ್ತಿ ಬಿಡಿಸಿದ್ದರೋ ಅಷ್ಟು ಜಾಸ್ತಿ ತೊಂದರೆ.

ತಮಾಷೆಯ ಸಂಗತಿ ಅಂದರೆ, ಈ ಪದ್ಧತಿಯನ್ನು ಪ್ರಪಂಚಕ್ಕೆ ಹರಡಿದ್ದರಲ್ಲಿ ವೈದ್ಯಕೀಯ ಪತ್ರಿಕೆಗಳಷ್ಟೇ ಪಾಲು ಅಪ್ಪ ಅಮ್ಮಂದಿರದು. ತೊಂಬತ್ತರ ದಶಕದ ಕೊನೆಯಲ್ಲಿ ಇಂಟರ್ನೆಟ್ ಹೊಸದು. ಆಪರೇಷನ್ ಬೇಡ ಅಂತ ಹುಡುಕುತ್ತಿದ್ದ ಪೋಷಕರು ಅಯೋವಾದ ಅಜ್ಜ ಡಾಕ್ಟರನ್ನು ಪತ್ತೆ ಹಚ್ಚಿ, ಮಕ್ಕಳ ಫೋಟೊ ಹಾಕಿ, ಒಬ್ಬರಿಂದ ಒಬ್ಬರಿಗೆ ಹೇಳಿದರು. ಆಗ ಪೊನ್ಸೆಟಿಗೆ ಎಂಬತ್ತು ದಾಟಿತ್ತು.

ಹಾಗಾದರೆ ನಿಮ್ಮ ಮುಂದೆ ಏನೇನು ದಾರಿ ಇದೆ?

ಮೊದಲನೆಯದು, ನಾನು ಹೇಳಿದ ಹಾಗೆ ಮತ್ತೆ ಪ್ಲಾಸ್ಟರ್. ವಾರಕ್ಕೆ ಅಥವಾ ಎರಡು ವಾರಕ್ಕೆ ಒಂದರಂತೆ, ಸಾಮಾನ್ಯವಾಗಿ ಎರಡರಿಂದ ನಾಲ್ಕು. ಹಿಮ್ಮಡಿ ಕೆಳಗಿಳಿಯದಿದ್ದರೆ ಹಿಂದಿನ ಗಟ್ಟಿ ನಾರನ್ನು ಇನ್ನೊಮ್ಮೆ ಕೊಯ್ಯಬೇಕಾಗಬಹುದು. ಅದು ಚಿಕ್ಕ ಕೆಲಸ, ನಾರು ಮೂರು ವಾರದಲ್ಲಿ ಉದ್ದವಾಗಿ ಕೂಡಿಕೊಳ್ಳುತ್ತದೆ. ಪ್ಲಾಸ್ಟರ್ ತೊಡೆಯವರೆಗೆ ಇರಬೇಕು, ಮಂಡಿ ಮಡಚಿರಬೇಕು. ಮಂಡಿಯ ಕೆಳಗೇ ಮುಗಿಯುವ ಪ್ಲಾಸ್ಟರ್ ಮಗುವಿನ ಕಾಲಿಂದ ಜಾರುತ್ತದೆ, ಪಾದವನ್ನು ಹೊರಕ್ಕೆ ತಿರುಗಿಸಿ ಹಿಡಿಯಲೂ ಆಗದು. ಇದನ್ನು ನೀವು ಧೈರ್ಯವಾಗಿ ಕೇಳಬಹುದು. ಅಪಾಯ ಇಲ್ಲವೇ ಇಲ್ಲ ಅಂತಲ್ಲ: ಒತ್ತಿದ ಕಡೆ ಹುಣ್ಣಾಗಬಹುದು, ಬಿಗಿಯಾದರೆ ರಕ್ತ ಓಡಾಟಕ್ಕೆ ಅಡ್ಡಿಯಾಗಬಹುದು. ಬೆರಳು ನೀಲಿ ಅಥವಾ ಬಿಳುಪಾದರೆ, ತಣ್ಣಗಾದರೆ, ಊದಿದರೆ, ನಿನ್ನೆ ಕಾಣುತ್ತಿದ್ದ ಬೆರಳು ಇವತ್ತು ಪ್ಲಾಸ್ಟರ್ ಒಳಗೆ ಹೋಗಿದ್ದರೆ, ಕೆಟ್ಟ ವಾಸನೆ ಬಂದರೆ, ಅದೇ ದಿನ ತೋರಿಸಿ. ಬೆಳಗಾಗಲಿ ಅಂತ ಕಾಯಬೇಡಿ.

ಎರಡನೆಯದು ಈಗಲ್ಲ, ಮುಂದೆ ಬೇಕಾದರೆ. ಕೆಲವು ಮಕ್ಕಳು ಪ್ಲಾಸ್ಟರ್, ಬೂಟು ಎಲ್ಲ ಆದ ಮೇಲೂ ಹೆಜ್ಜೆ ಎತ್ತುವಾಗ ಮುಂಪಾದವನ್ನು ಒಳಕ್ಕೆ ಎಳೆಯುತ್ತಾರೆ. ಅವರಿಗೆ ಮಂಡಿಯ ಕೆಳಗೆ, ಕಾಲಿನ ಮುಂಭಾಗದಲ್ಲಿರುವ ಒಂದು ಸ್ನಾಯುವಿನ ನಾರನ್ನು ಪಾದದ ಹೊರಭಾಗದ ಕಡೆಗೆ ಬದಲಿಸಿ ಜೋಡಿಸುತ್ತೇವೆ. ಜೋಡಿಸುವ ಸಣ್ಣ ಮೂಳೆ ಗಟ್ಟಿಯಾಗಿರಬೇಕು, ಹಾಗಾಗಿ ಎರಡೂವರೆ ಮೂರು ವರ್ಷದ ನಂತರವೇ. ಇದು ಸಂಧಿಗಳನ್ನು ಬಿಡಿಸುವ ಆಪರೇಷನ್ ಅಲ್ಲ, ಇದಕ್ಕೆ ಹೆದರಬೇಕಾಗಿಲ್ಲ.

ಮೂರನೆಯದು ನಿಮಗೆ ಹೇಳಿರುವ ದೊಡ್ಡ ಆಪರೇಷನ್. ಅದಕ್ಕೆ ಜಾಗ ಇದೆ. ಬೇರೆ ಕಾಯಿಲೆಗಳ ಜೊತೆ ಬಂದ ತೀರ ಗಟ್ಟಿ ಪಾದ, ಒಳ್ಳೆಯ ಕೈಯಲ್ಲಿ ಪ್ಲಾಸ್ಟರ್ ಹಾಕಿಯೂ ಅಲುಗಾಡದ ಪಾದ, ಇಂಥವಕ್ಕೆ. ಗಾಯ ಕೂಡದಿರುವುದು, ಪಾದ ಸೆಡೆಯುವುದು, ಹೊರಕ್ಕೇ ಜಾಸ್ತಿ ತಿರುಗಿಬಿಡುವುದು, ಮತ್ತೆ ಮತ್ತೆ ಆಪರೇಷನ್ ಬೇಕಾಗುವುದು ಅದರ ಅಪಾಯ. ಒಮ್ಮೆ ಚೆನ್ನಾಗಿ ನೆಟ್ಟಗಾಗಿ, ಬೂಟು ಬಿಟ್ಟಿದ್ದಕ್ಕೆ ತಿರುಗಿದ 14 ತಿಂಗಳ ಪಾದಕ್ಕೆ ಅದನ್ನು ಮೊದಲ ಮದ್ದಾಗಿ ನಾನು ಒಪ್ಪುವುದಿಲ್ಲ. ಎರಡನೇ ಅಭಿಪ್ರಾಯ ಕೇಳಿ. ಕೇಳುವಾಗ ಒಂದು ಪ್ರಶ್ನೆ ಸಾಕು: "ಪೊನ್ಸೆಟಿ ಪ್ಲಾಸ್ಟರ್ ನೀವು ದಿನವೂ ಹಾಕುತ್ತೀರಾ?" ಜೊತೆಗೆ ಬೆನ್ನಹುರಿ, ಸೊಂಟ ಒಮ್ಮೆ ನೋಡಲು ಹೇಳಿ. ಬೆನ್ನಿನ ಕೆಳಗೆ ಕುಳಿ, ಕೂದಲಿನ ಗೊಂಚಲು ಇದ್ದರೆ ಲೆಕ್ಕ ಬೇರೆಯಾಗುತ್ತದೆ.

ಏನೂ ಮಾಡದೆ ಕಾಯುವುದೂ ಒಂದು ದಾರಿ, ಆದರೆ ಕೆಟ್ಟ ದಾರಿ. ಅವನು ನಡೆಯಲು ಶುರು ಮಾಡಿದ ಮೇಲೆ ಹೊರ ಅಂಚಿನಲ್ಲಿ ಭಾರ ಬೀಳುತ್ತದೆ, ಅಲ್ಲಿ ಚರ್ಮ ದಡ್ಡುಗಟ್ಟುತ್ತದೆ, ಪಾದ ತಿಂಗಳು ತಿಂಗಳಿಗೆ ಗಟ್ಟಿಯಾಗುತ್ತದೆ. ತಡವಾಗಿ ಬಂದ ದೊಡ್ಡ ಮಕ್ಕಳಿಗೂ ಪ್ಲಾಸ್ಟರ್ ಹಾಕುತ್ತೇವೆ, ಫಲವೂ ಇದೆ. ಆದರೆ ಕೆಲಸ ಜಾಸ್ತಿ.

ಎಣ್ಣೆ ತಿಕ್ಕುವುದು? ಸ್ನಾನದ ಮೊದಲು ಪ್ರೀತಿಗೆ ಎಣ್ಣೆ ಹಚ್ಚಿ, ಬೇಡ ಅನ್ನುವುದಿಲ್ಲ. ಆದರೆ ಪಾದವನ್ನು ಬಲವಾಗಿ ಮೇಲಕ್ಕೆ ಒತ್ತುವವರ ಕೈಗೆ ಕೊಡಬೇಡಿ. ಹಿಮ್ಮಡಿ ಬಿಗಿಯಾಗಿದ್ದಾಗ ಮುಂಪಾದವನ್ನು ಒತ್ತಿದರೆ ಹಿಮ್ಮಡಿ ಇಳಿಯುವುದಿಲ್ಲ, ಪಾದ ನಡುವೆ ಬಾಗಿ ಅಂಗಾಲು ಹೊರಕ್ಕೆ ಉಬ್ಬುತ್ತದೆ. ಅದನ್ನು ಸರಿಪಡಿಸುವುದು ಈಗಿರುವುದಕ್ಕಿಂತ ಕಷ್ಟ. ಹಾಗೆಯೇ ಹಗಲು ಹಾಕುವ ಬಿಡಿ ಬಿಡಿ "ಆರ್ಥೋ ಶೂ" ಮರುಕಳಿಕೆಯನ್ನು ತಡೆಯುವುದಿಲ್ಲ. ಸುಮ್ನೆ ದುಡ್ಡು ಹಾಳು. ತಡೆಯುವುದು ಎರಡು ಬೂಟನ್ನೂ ಹೊರಕ್ಕೆ ತಿರುಗಿಸಿ ಹಿಡಿಯುವ ಆ ರಾಡ್.

ಈಗ ಬೂಟು ಹಾಕುವ ವಿಧಾನ. ನಿಮಗೆ ಇದನ್ನು ಯಾರಾದರೂ ಕೈಹಿಡಿದು ತೋರಿಸಿದ್ದರೋ ಇಲ್ಲವೋ, ಮತ್ತೆ ಹೇಳುತ್ತೇನೆ. ದಪ್ಪ ಹತ್ತಿ ಕಾಲುಚೀಲ ಹಾಕಿ, ಸುಕ್ಕು ಇರದಂತೆ ಎಳೆಯಿರಿ. ಮಂಡಿ ಮಡಚಿ, ಆಗ ಹಿಮ್ಮಡಿ ಸಡಿಲವಾಗುತ್ತದೆ. ಹಿಮ್ಮಡಿಯನ್ನು ಬೂಟಿನ ಹಿಂಭಾಗಕ್ಕೆ, ತಳಕ್ಕೆ ಮುಟ್ಟಿಸಿ, ಪಾದದ ನಡುವಿನ ಪಟ್ಟಿಯನ್ನು ಮೊದಲು ಬಿಗಿ ಮಾಡಿ, ಆಮೇಲೆ ಉಳಿದದ್ದು. ಮೊದಲ ದಿನ ಸರಿಯಾಗಿ ಕೂತಾಗ ಬೆರಳ ತುದಿ ಎಲ್ಲಿ ಬರುತ್ತದೋ ಅಲ್ಲಿ ಬೂಟಿನ ಒಳ ತಳದ ಮೇಲೆ ಪೆನ್ನಿನಿಂದ ಗೆರೆ ಎಳೆದಿಡಿ. ಬೆಳಿಗ್ಗೆ ಬೆರಳು ಗೆರೆಗಿಂತ ಹಿಂದಕ್ಕೆ ಬಂದಿದ್ದರೆ ಪಾದ ಜಾರಿದೆ ಅಂತ ಅರ್ಥ. ಬೆರಳು ಬೂಟಿನ ಅಂಚು ದಾಟಿ ಮಡಚುತ್ತಿದ್ದರೆ ಬೂಟು ಚಿಕ್ಕದಾಯಿತು. ರಾಡ್‌ನ ಉದ್ದ ಮಗುವಿನ ಭುಜದ ಅಗಲದಷ್ಟಿರಬೇಕು. ಮಗು ಬೆಳೆದಂತೆ ಅದನ್ನೂ ಬದಲಿಸಬೇಕು, ಬಹಳ ಕಡೆ ಇದನ್ನು ಮರೆತೇಬಿಡುತ್ತಾರೆ. ರಾಡ್ ಗಿಡ್ಡವಾದರೆ ಮಗುವಿಗೆ ಕಾಲಾಡಿಸಲು ಆಗದೆ ಅಳುತ್ತದೆ. ಕೆಂಪಾದ ಕಡೆ ಕ್ರೀಮು ಹಚ್ಚಬೇಡಿ, ಚರ್ಮ ಮೆತ್ತಗಾಗಿ ಬೊಕ್ಕೆ ಬೇಗ ಏಳುತ್ತದೆ. ಬೊಕ್ಕೆ ಎದ್ದಿದ್ದರೆ ತೋರಿಸಿ.

ಮತ್ತೆ ಶುರು ಮಾಡುವಾಗ ಮೊದಲ ಕೆಲವು ರಾತ್ರಿ ಅಳುತ್ತಾನೆ, ಅದನ್ನು ಮುಚ್ಚಿಡುವುದಿಲ್ಲ. ಹಗಲು ಬೂಟು ಹಾಕಿದಾಗ ಅವನ ಎರಡೂ ಮಂಡಿ ಒಟ್ಟಿಗೆ ಮಡಚಿ ಚಾಚಿ ಆಡಿಸಿ. ಒಂದೊಂದೇ ಕಾಲು ಒದೆಯಲು ಹೋಗಿ ಆಗದೆ ಸಿಟ್ಟು ಬರುವುದು, ಎರಡನ್ನೂ ಒಟ್ಟಿಗೆ ಆಡಿಸಲು ಕಲಿತ ಮೇಲೆ ತಣ್ಣಗಾಗುತ್ತಾನೆ. ರಾಡ್‌ಗೆ ಹಳೆಯ ಬಟ್ಟೆ ಸುತ್ತಿ, ನಿಮಗೂ ತಾಗಿ ನೋವಾಗುವುದಿಲ್ಲ. ಊಟ, ಬೂಟು, ನಿದ್ದೆ ಅಂತ ದಿನವೂ ಒಂದೇ ಕ್ರಮ ಇರಲಿ. ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಹಾಕಿದರೆ ಅತ್ತರೆ ತೆಗೆಯುತ್ತಾರೆ ಅಂತ ಅವನು ಕಲಿಯುತ್ತಾನೆ, ಬಹಳ ಬೇಗ ಕಲಿಯುತ್ತಾನೆ. ರಾತ್ರಿ ಮತ್ತು ಹಗಲಿನ ನಿದ್ದೆ ಸೇರಿ ಹದಿನಾಲ್ಕು ಗಂಟೆ ಹತ್ತಿರ, ನಾಲ್ಕು ವರ್ಷ ಆಗುವವರೆಗಾದರೂ. ಎಚ್ಚರವಿದ್ದಾಗ ಬರಿಗಾಲಲ್ಲಿ ಆಡಲಿ. ಬೂಟಿನಿಂದ ನಡಿಗೆ ನಿಂತುಹೋಗುತ್ತದೆ ಅನ್ನುವುದು ಸುಳ್ಳು. ಒಂದೆರಡು ತಿಂಗಳು ತಡವಾಗಬಹುದು ಅಷ್ಟೆ.

ಅತ್ತೆಯವರ ಜೊತೆ ಜಗಳಕ್ಕೆ ಹೋಗಬೇಡಿ. ಮುಂದಿನ ಸಲ ಆಸ್ಪತ್ರೆಗೆ ಅವರನ್ನೇ ಕರೆದುಕೊಂಡು ಹೋಗಿ. ಬಲ ಪಾದ, ಎಡ ಪಾದ ಪಕ್ಕಪಕ್ಕ ಹಿಡಿದು ತೋರಿಸಲು ಡಾಕ್ಟರಿಗೆ ಹೇಳಿ. ಅಜ್ಜಿಯಂದಿರು ಒಮ್ಮೆ ಒಪ್ಪಿದರೆ ಬೂಟು ಹಾಕುವುದರಲ್ಲಿ ಅವರಷ್ಟು ಕಟ್ಟುನಿಟ್ಟು ಇನ್ನಾರೂ ಇಲ್ಲ, ಇದು ನಾನು ಮತ್ತೆ ಮತ್ತೆ ಕಂಡದ್ದು. ಎಡ ಪಾದ ಈಗ ಚೆನ್ನಾಗಿದೆ ಅಂತ ಅದನ್ನು ಬಿಡುವಂತಿಲ್ಲ, ಬೂಟು ಎರಡಕ್ಕೂ.

ಮುಂದೆ ಅವನು ದೊಡ್ಡವನಾದಾಗ ಮೀನಖಂಡ ಸ್ವಲ್ಪ ಸಣ್ಣಗೇ ಇರುತ್ತದೆ. ಎಷ್ಟು ವ್ಯಾಯಾಮ ಮಾಡಿಸಿದರೂ ಅದು ಪೂರ್ತಿ ತುಂಬುವುದಿಲ್ಲ. ಆಟಕ್ಕೇನೂ ಅಡ್ಡಿಯಿಲ್ಲ. 1992ರ ಒಲಿಂಪಿಕ್ಸ್‌ನಲ್ಲಿ ಐಸ್ ಸ್ಕೇಟಿಂಗ್ ಚಿನ್ನ ಗೆದ್ದ ಕ್ರಿಸ್ಟಿ ಯಮಾಗುಚಿ, ಅಮೆರಿಕದ ಫುಟ್‌ಬಾಲ್ ಆಟಗಾರ್ತಿ ಮಿಯಾ ಹ್ಯಾಮ್, ಇಬ್ಬರೂ ಕ್ಲಬ್‌ಫುಟ್ ಇದ್ದು ಹುಟ್ಟಿದವರೇ. ಮನೆಯಲ್ಲಿ ನೀವು ಗಮನಿಸಬೇಕಾದ್ದು ಸುಲಭ: ಮಣ್ಣಲ್ಲಿ ಆಡುವಾಗ ಕುಕ್ಕರುಗಾಲಲ್ಲಿ ಕೂತರೆ ಎರಡೂ ಹಿಮ್ಮಡಿ ನೆಲಕ್ಕೆ ಊರುತ್ತವೆಯೇ ನೋಡಿ. ಒಂದು ಎದ್ದಿದ್ದರೆ ಬಂದು ತೋರಿಸಿ.

ಇನ್ನೊಂದು ಮಗುವಿನ ಬಗ್ಗೆ: ಅಪ್ಪ ಅಮ್ಮ ಇಬ್ಬರಿಗೂ ಇಲ್ಲದಿದ್ದರೆ ಮುಂದಿನ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಎರಡರಿಂದ ನಾಲ್ಕು. ನಿಮ್ಮಲ್ಲಿ ಒಬ್ಬರಿಗೆ ಚಿಕ್ಕಂದಿನಲ್ಲಿ ಇದ್ದಿದ್ದರೆ ಜಾಸ್ತಿ. ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ಬಹಳಷ್ಟು ಸಲ ಗೊತ್ತಾಗುತ್ತದೆ. ಗೊತ್ತಾದರೂ ಹೊಟ್ಟೆಯಲ್ಲಿರುವಾಗ ಮಾಡಬೇಕಾದ್ದೇನೂ ಇಲ್ಲ, ಬೇರೆ ಅಂಗಗಳು ಸರಿ ಇವೆಯೇ ಅಂತ ನೋಡುತ್ತಾರೆ. ಈ ಭಯಕ್ಕೆ ಎರಡನೇ ಮಗು ಬೇಡ ಅನ್ನಬೇಕಾಗಿಲ್ಲ.

ಖರ್ಚಿನ ಬಗ್ಗೆ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಕ್ಲಬ್‌ಫುಟ್ ಸೇರಿದೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಅಥವಾ ಅಂಗನವಾಡಿಗೆ ಬರುವ ಆ ತಂಡದ ವೈದ್ಯರನ್ನು ಕೇಳಿ, ಜಿಲ್ಲಾಸ್ಪತ್ರೆಯ ಪ್ಲಾಸ್ಟರ್ ದಿನ ಯಾವುದೆಂದು ಹೇಳುತ್ತಾರೆ. ದುಬಾರಿ ಬೂಟೇ ಆಗಬೇಕೆಂದಿಲ್ಲ. ಉಗಾಂಡದಲ್ಲಿ ಕೆಲಸ ಮಾಡುತ್ತಿದ್ದ ಸ್ಟೀನ್‌ಬೀಕ್ ಅನ್ನುವವರು ಅಲ್ಲಿ ಸಿಗುವ ಚರ್ಮ, ಕಬ್ಬಿಣದಿಂದಲೇ ಮಾಡಬಹುದಾದ ಬೂಟನ್ನು ರೂಪಿಸಿದರು, ಇವತ್ತು ಎಷ್ಟೋ ದೇಶಗಳಲ್ಲಿ ಅದೇ ನಡೆಯುತ್ತದೆ. ಹೋಗುವಾಗ ಮಗನ ಹಳೆಯ ಬೂಟು, ಮೊದಲ ಪ್ಲಾಸ್ಟರ್ ಕಾಲದ ಚೀಟಿಗಳು, ಆಗಿನ ಫೋಟೊ ಮೊಬೈಲ್‌ನಲ್ಲಿದ್ದರೆ ಅದನ್ನೂ ತೆಗೆದುಕೊಂಡು ಹೋಗಿ. ಇದೇ ವಾರ ಹೋದರೆ ಒಳ್ಳೆಯದು. ಹಬ್ಬ ಮುಗಿಯಲಿ, ಸುಗ್ಗಿ ಮುಗಿಯಲಿ ಅಂತ ಮುಂದೂಡಬೇಡಿ.